ಬ್ಯಾಕ್ ಬಟನ್ ಮತ್ತು ಬಹುಪುಟ ವೆಬ್ ಅಪ್ಲಿಕೇಶನ್

ಬ್ರೌಸರ್‌ನ ಮೇಲ್ಭಾಗದಲ್ಲಿ, ವಿಳಾಸದ ಪಟ್ಟಿಯ ಎಡಗಡೆ ಇರುವ ಬಾಣದ ಗುರುತಿನ ಬಟನ್ನೇ ಬ್ಯಾಕ್ ಬಟನ್. ಒತ್ತಿದರೆ ಆ ಟ್ಯಾಬಿನಲ್ಲಿ ಈಗಷ್ಟೇ ಬಿಟ್ಟುಬಂದ ಪುಟ ಮತ್ತೆ ತೆರೆಯುತ್ತದೆ. ಫೋನಿನಲ್ಲಾದರೆ ಪರದೆಯ ಅಂಚಿನಿಂದ ಒಳಕ್ಕೆ ಬೆರಳು ಎಳೆದರೂ ಇದೇ ಕೆಲಸ ಆಗುತ್ತದೆ. ಸುದ್ದಿ, ಕತೆ, ಅಡುಗೆಯ ವಿಧಾನ ಓದುವಾಗ ಇದರಿಂದ ಯಾರಿಗೂ ತೊಡಕಿಲ್ಲ. ತೊಡಕು ಶುರುವಾಗುವುದು ಹೆಜ್ಜೆ ಹೆಜ್ಜೆಗೂ ಸರ್ವರ್‌ನಿಂದ ಹೊಸ ಪುಟ ತರಿಸಿಕೊಂಡು ಕೆಲಸ ಮುಂದುವರಿಸುವ ಬಹುಪುಟ ಅಪ್ಲಿಕೇಶನ್‌ಗಳಲ್ಲಿ: ಟಿಕೆಟ್ ಕಾಯ್ದಿರಿಸುವಾಗ, ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ, ಹಣ ವರ್ಗಾಯಿಸುವಾಗ, ಆನ್‌ಲೈನ್ ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ.

ಇಂಥ ಕೆಲಸದಲ್ಲಿ ನೆನಪು ಎರಡು ಕಡೆ ಇರುತ್ತದೆ. ಯಾವ ಯಾವ ಪುಟ ನೋಡಿದ್ದಾಯಿತು ಎಂಬುದು ಬ್ರೌಸರ್‌ನ ನೆನಪು. ಏನೇನು ನಡೆದುಹೋಯಿತು ಎಂಬುದು ಸರ್ವರ್‌ನ ನೆನಪು. ಬ್ಯಾಕ್ ಒತ್ತಿದಾಗ ಮೊದಲನೆಯದು ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಸರ್ವರ್‌ಗೆ ಬಹಳ ಸಲ ಸುದ್ದಿಯೂ ಮುಟ್ಟುವುದಿಲ್ಲ. ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಸಲ್ಲಿಸಿದ ಅರ್ಜಿ ರದ್ದಾಗುವುದಿಲ್ಲ, ಕಣ್ಣೆದುರಿಗೆ ಮಾತ್ರ ಏನೂ ಆಗಿಲ್ಲವೆಂಬಂತೆ ಹಳೆಯ ಪುಟ ನಿಂತಿರುತ್ತದೆ. ಈ ಎರಡು ನೆನಪುಗಳ ನಡುವಿನ ಅಂತರವನ್ನು ಸಂಭಾಳಿಸುವುದೇ ಬ್ಯಾಕ್ ಬಟನ್ ನಿರ್ವಹಣೆ. ಅದು ಅಪ್ಲಿಕೇಶನ್ ಕಟ್ಟುವವರ ಹೊಣೆಯೇ ಹೊರತು ಬಳಸುವವರದ್ದಲ್ಲ ಎಂಬುದು ಈ ಲೇಖನದ ನಿಲುವು.

ಹುಟ್ಟು ಮತ್ತು ಬಳಕೆ

ಹಿಂದಕ್ಕೆ ಹೋಗುವ ಸೌಲಭ್ಯ ವೆಬ್‌ಗಿಂತ ಹಳೆಯದು. 1987ರಲ್ಲಿ ಆಪಲ್ ಹೊರತಂದ, ಬಿಲ್ ಅಟ್ಕಿನ್ಸನ್ ರೂಪಿಸಿದ ಹೈಪರ್‌ಕಾರ್ಡ್ ಎಂಬ ತಂತ್ರಾಂಶದಲ್ಲೇ ನೋಡಿದ ಕಾರ್ಡುಗಳಿಗೆ ಮರಳುವ ಆಯ್ಕೆ ಇತ್ತು. 1990ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ನೆಕ್ಸ್ಟ್ ಕಂಪ್ಯೂಟರಿನ ಮೇಲೆ ಬರೆದ ಮೊದಲ ಬ್ರೌಸರ್‌ನಲ್ಲೂ ಅದು ಇತ್ತು. 1993ರಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ಅಮೆರಿಕದ ಎನ್‌ಸಿಎಸ್‌ಎ ಸಂಶೋಧನಾ ಕೇಂದ್ರದಲ್ಲಿ ಬರೆದ ಮೊಸಾಯಿಕ್ ಬ್ರೌಸರ್ ಈ ಬಟನ್ನನ್ನು ಜನರ ಕೈಗೆ ಮುಟ್ಟಿಸಿತು. ಅಂದಿನಿಂದ ಬ್ರೌಸರ್‌ಗಳ ಮುಖಚಹರೆ ಎಷ್ಟೋ ಸಲ ಬದಲಾಗಿದೆ. ಎಡಮುಖದ ಬಾಣ ಮಾತ್ರ ಇದ್ದಲ್ಲೇ ಇದೆ.

ಜನ ಇದನ್ನು ಎಷ್ಟು ನೆಚ್ಚಿಕೊಂಡಿದ್ದಾರೆ ಎಂಬುದನ್ನು ಅಳೆದವರಿದ್ದಾರೆ. ಜಾರ್ಜಿಯಾ ಟೆಕ್‌ನ ಲಾರಾ ಕ್ಯಾಟ್ಲೆಜ್ ಮತ್ತು ಜೇಮ್ಸ್ ಪಿಟ್ಕೋ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟದಿಂದ ಪುಟಕ್ಕೆ ಹೋಗುವ ಕ್ರಿಯೆಗಳಲ್ಲಿ ಶೇ 41ರಷ್ಟು ಬ್ಯಾಕ್‌ನದ್ದೇ ಆಗಿತ್ತು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಲಿಂಡಾ ಟಾಷರ್ ಮತ್ತು ಸಾಲ್ ಗ್ರೀನ್‌ಬರ್ಗ್ 1997ರಲ್ಲಿ ಕಂಡುಕೊಂಡಂತೆ, ಜನ ತೆರೆಯುವ ಪುಟಗಳಲ್ಲಿ ಶೇ 58ರಷ್ಟು ಈಗಾಗಲೇ ನೋಡಿದವು. ಆಮೇಲೆ ಟ್ಯಾಬುಗಳು ಬಂದವು, ಹುಡುಕಾಟದ ಪೆಟ್ಟಿಗೆ ಬಂತು, ಬ್ಯಾಕ್‌ನ ಪಾಲು ಇಳಿಯಿತು. ಆದರೂ ಕ್ರೋಮ್ ತಂಡ ಕೊಡುವ ಲೆಕ್ಕದ ಪ್ರಕಾರ ಡೆಸ್ಕ್‌ಟಾಪ್‌ನಲ್ಲಿ ಹತ್ತಕ್ಕೆ ಒಂದು, ಫೋನಿನಲ್ಲಿ ಐದಕ್ಕೆ ಒಂದು ಚಲನೆ ಹಿಂದಕ್ಕೆ ಅಥವಾ ಮುಂದಕ್ಕೆ ಹೋಗುವಂಥದ್ದು. ವೆಬ್ ಬಳಕೆಯ ಸುಲಭತೆಯ ಬಗ್ಗೆ ಬರೆಯುತ್ತ ಬಂದ ಜೇಕಬ್ ನೀಲ್ಸನ್, 1999ರಲ್ಲಿ ವೆಬ್ ವಿನ್ಯಾಸದ ಹತ್ತು ಹೊಸ ತಪ್ಪುಗಳನ್ನು ಪಟ್ಟಿಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಬ್ಯಾಕ್ ಬಟನ್ ಕೆಡಿಸುವುದಕ್ಕೆ.

ಈ ನೆಚ್ಚಿಕೆಗೆ ಕಾರಣವಿದೆ. ಒಂದೊಂದು ತಾಣದ ಮೆನು ಒಂದೊಂದು ಥರ. ಬ್ಯಾಕ್ ಬಟನ್ ಮಾತ್ರ ಎಲ್ಲ ಕಡೆ ಒಂದೇ. ಕಂಪ್ಯೂಟರ್ ಹೊಸದಾಗಿ ಕಲಿಯುವವರು, ಇಂಗ್ಲಿಷ್ ಮೆನು ಓದಲು ಬಾರದವರು, ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಬಳಸುವವರು ದಾರಿ ತಪ್ಪಿದಾಗ ಮೊದಲು ನೆನೆಯುವುದು ಅದನ್ನೇ. ಅದು ಕೈಕೊಟ್ಟರೆ ಅವರಿಗೆ ಬೇರೆ ದಾರಿ ಇರುವುದಿಲ್ಲ.

ಒತ್ತಿದಾಗ ಏನಾಗುತ್ತದೆ

ಪ್ರತಿ ಟ್ಯಾಬಿಗೂ ಬ್ರೌಸರ್ ಒಂದು ಹಿಸ್ಟರಿ ಪಟ್ಟಿ ಇಟ್ಟುಕೊಂಡಿರುತ್ತದೆ. ಲಿಂಕ್ ಒತ್ತಿದರೆ ಪಟ್ಟಿಗೆ ಒಂದು ನಮೂದು ಸೇರುತ್ತದೆ. ಬ್ಯಾಕ್ ಒತ್ತಿದರೆ ಗುರುತು ಒಂದು ನಮೂದು ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬಂದವರು ಅಲ್ಲಿಂದ ಬೇರೊಂದು ಲಿಂಕ್ ಒತ್ತಿದರೆ ಮುಂದಿದ್ದ ನಮೂದುಗಳೆಲ್ಲ ಅಳಿಸಿಹೋಗುತ್ತವೆ. ನ್ಯೂಜಿಲೆಂಡ್‌ನ ಸಂಶೋಧಕರಾದ ಆಂಡಿ ಕಾಕ್‌ಬರ್ನ್ ಮತ್ತು ಸ್ಟೀವ್ ಜೋನ್ಸ್ 1996ರಲ್ಲಿ ತೋರಿಸಿದಂತೆ, ಈ ಅಳಿಸುವಿಕೆಯ ವಿಷಯ ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ತಾವು ನೋಡಿದ್ದೆಲ್ಲ ಸಾಲಾಗಿ ಉಳಿದಿರುತ್ತದೆ ಎಂದೇ ಅವರು ನಂಬಿರುತ್ತಾರೆ.

ಹಿಂದಿನ ಪುಟ ಮೂರು ದಾರಿಗಳಲ್ಲಿ ಬರಬಹುದು. ಮೊದಲನೆಯದು ಬಿಎಫ್‌ಕ್ಯಾಶೆ: ಬಿಟ್ಟುಹೋದ ಪುಟವನ್ನು ಅದರ ಜಾವಾಸ್ಕ್ರಿಪ್ಟ್ ಸ್ಥಿತಿಯ ಸಮೇತ ನಿಂತಲ್ಲೇ ನಿಲ್ಲಿಸಿ, ಮರಳಿದಾಗ ಹಾಗೆಯೇ ಎಬ್ಬಿಸುವ ವ್ಯವಸ್ಥೆ. ಫೈರ್‌ಫಾಕ್ಸ್‌ಗೆ ಇದು 1.5ನೇ ಆವೃತ್ತಿಯೊಂದಿಗೆ 2005ರಲ್ಲೇ ಬಂತು. ಕ್ರೋಮ್ ಬಹಳ ತಡಮಾಡಿ, ಆಂಡ್ರಾಯ್ಡ್‌ನಲ್ಲಿ 2020ರಲ್ಲಿ, ಡೆಸ್ಕ್‌ಟಾಪ್‌ನಲ್ಲಿ 2021ರಲ್ಲಿ ಅಳವಡಿಸಿಕೊಂಡಿತು. ಎರಡನೆಯದು ಸಾಮಾನ್ಯ ಕ್ಯಾಶೆ: ಡಿಸ್ಕಿನಲ್ಲಿ ಉಳಿಸಿಕೊಂಡ ಪ್ರತಿಯಿಂದ ಪುಟವನ್ನು ಮತ್ತೆ ಕಟ್ಟುವುದು. ಇವೆರಡೂ ಇಲ್ಲದಿದ್ದಾಗ ಮಾತ್ರ ಸರ್ವರ್‌ಗೆ ಹೊಸ ಕೋರಿಕೆ ಹೋಗುತ್ತದೆ.

ಇಲ್ಲಿ ಅನುಭವಸ್ಥರೂ ಎಡವುವ ಒಂದು ಸಂಗತಿಯಿದೆ. ಪುಟಕ್ಕೆ "ಅವಧಿ ಮುಗಿದಿದೆ" ಎಂದು ಹೆಡರ್ ಹಾಕಿದ ಮಾತ್ರಕ್ಕೆ ಬ್ಯಾಕ್ ಒತ್ತಿದಾಗ ಹೊಸ ಪ್ರತಿ ಬರುತ್ತದೆ ಎನ್ನುವಂತಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿ 1.1ರ 1999ರ ನಿರೂಪಣೆಯಾದ ಆರ್‌ಎಫ್‌ಸಿ 2616 ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಹಿಸ್ಟರಿ ಬೇರೆ, ಕ್ಯಾಶೆ ಬೇರೆ, ಬಳಕೆದಾರರು ಆಗ ಏನನ್ನು ಕಂಡಿದ್ದರೋ ಅದನ್ನೇ ತೋರಿಸುವುದು ಹಿಸ್ಟರಿಯ ಕೆಲಸ. 2022ರ ಆರ್‌ಎಫ್‌ಸಿ 9111 ಕೂಡ ಅವಧಿ ಮೀರಿದ ಪ್ರತಿಯನ್ನು ಹಿಸ್ಟರಿಯಲ್ಲಿ ತೋರಿಸಲು ಅವಕಾಶ ಕೊಡುತ್ತದೆ. ಹೀಗಾಗಿ ಬುಟ್ಟಿಯಿಂದ ಸಾಮಾನು ತೆಗೆದುಹಾಕಿ, ಬೇರೆ ಪುಟಕ್ಕೆ ಹೋಗಿ, ಬ್ಯಾಕ್ ಒತ್ತಿದವರಿಗೆ ತೆಗೆದ ಸಾಮಾನು ಮತ್ತೆ ಬುಟ್ಟಿಯಲ್ಲಿ ಕಾಣಬಹುದು. ಬ್ರೌಸರ್ ತಪ್ಪು ಮಾಡಿಲ್ಲ. ಅದಕ್ಕೆ ಹೇಳಿದ ಕೆಲಸವನ್ನೇ ಮಾಡಿದೆ.

ಎರಡು ಸಲ ಸಲ್ಲಿಕೆ

ಬ್ಯಾಕ್ ಬಟನ್ನಿನ ಅತಿ ಹಳೆಯ ದೂರು ಇದು. ಹತ್ತಿರದಿಂದ ನೋಡೋಣ. ಒಬ್ಬಾಕೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಒಂದು ಸೀಟು ಕಾಯ್ದಿರಿಸುತ್ತಿದ್ದಾಳೆ. ಹೆಸರು, ವಯಸ್ಸು, ಸೀಟಿನ ಸಂಖ್ಯೆ ತುಂಬಿ "ದೃಢೀಕರಿಸು" ಒತ್ತುತ್ತಾಳೆ. ಬ್ರೌಸರ್ ತುಂಬಿದ ವಿವರವನ್ನು ಸರ್ವರ್‌ಗೆ ಒಪ್ಪಿಸುವ ಪೋಸ್ಟ್ ಕೋರಿಕೆ ಕಳಿಸುತ್ತದೆ. ಸರ್ವರ್ ಸೀಟು ಬರೆದುಕೊಂಡು, ಆ ಪೋಸ್ಟ್‌ಗೆ ಉತ್ತರವಾಗಿಯೇ "ನಿಮ್ಮ ಟಿಕೆಟ್ ಸಿದ್ಧ" ಎಂಬ ಪುಟ ಕೊಡುತ್ತದೆ. ಈಗ ಹಿಸ್ಟರಿ ಪಟ್ಟಿಯ ಕೊನೆಯ ನಮೂದು ಬರೀ ಒಂದು ವಿಳಾಸವಲ್ಲ. ವಿಳಾಸದ ಜೊತೆಗೆ ಕಳಿಸಿದ ಮಾಹಿತಿಯೂ ಅದರಲ್ಲಿ ಅಡಗಿದೆ. ಆಕೆ ಊಟದ ನಿಲುಗಡೆ ಎಲ್ಲಿ ಎಂದು ನೋಡಲು ಒಂದು ಲಿಂಕ್ ಒತ್ತಿ, ಆಮೇಲೆ ಬ್ಯಾಕ್ ಒತ್ತುತ್ತಾಳೆ. ಪುಟದ ಪ್ರತಿ ಕ್ಯಾಶೆಯಲ್ಲಿ ಇಲ್ಲದಿದ್ದರೆ ಬ್ರೌಸರ್‌ಗೆ ಅದೇ ಪೋಸ್ಟನ್ನು ಇನ್ನೊಮ್ಮೆ ಕಳಿಸದೆ ಗತಿಯಿಲ್ಲ. ಆಗ ಬರುವುದೇ "ಫಾರ್ಮ್ ಮರುಸಲ್ಲಿಕೆಯನ್ನು ದೃಢೀಕರಿಸಿ" ಎಂಬ ಎಚ್ಚರಿಕೆ. ಅದನ್ನು ಒಪ್ಪಿದರೆ ಏನಾಗುತ್ತದೆ ಎಂದು ಆಕೆಗೆ ಹೇಗೆ ತಿಳಿಯಬೇಕು? ಒಪ್ಪಿದಳೆಂದರೆ ಎರಡನೇ ಸೀಟು.

ಇದಕ್ಕೆ ಒಪ್ಪಿತವಾದ ಪರಿಹಾರ ಪೋಸ್ಟ್-ರೀಡೈರೆಕ್ಟ್-ಗೆಟ್. ಪೋಸ್ಟ್‌ಗೆ ಉತ್ತರವಾಗಿ ಸರ್ವರ್ ಪುಟವನ್ನೇ ಕೊಡುವುದಿಲ್ಲ. ಕೆಲಸ ಮುಗಿಸಿ 303 ಎಂಬ ಸಂಕೇತದೊಂದಿಗೆ ಬೇರೊಂದು ವಿಳಾಸ ಕೊಡುತ್ತದೆ. ಬ್ರೌಸರ್ ಆ ವಿಳಾಸಕ್ಕೆ ಪುಟವನ್ನಷ್ಟೇ ಕೇಳುವ ಸಾಧಾರಣ ಗೆಟ್ ಕೋರಿಕೆ ಕಳಿಸಿ ಟಿಕೆಟ್ ಪುಟ ತರುತ್ತದೆ. ಹಿಸ್ಟರಿ ಪಟ್ಟಿಯಲ್ಲಿ ಮೊದಲು ಫಾರ್ಮಿನ ಪುಟ, ಅದರ ಮುಂದೆ ಟಿಕೆಟ್ಟಿನ ಪುಟ. ನಡುವಿನ ಪೋಸ್ಟ್‌ಗೆ ನಮೂದೇ ಇಲ್ಲ. ರಿಫ್ರೆಶ್ ಮಾಡಿದರೂ, ಹಿಂದೆ ಮುಂದೆ ಎಷ್ಟು ಸಲ ಓಡಾಡಿದರೂ ಸೀಟು ಒಂದೇ. 303 ಎಂಬ ಸಂಕೇತ ಎಚ್‌ಟಿಟಿಪಿ 1.1ರೊಂದಿಗೆ 1997ರಲ್ಲಿ ಬಂದದ್ದು. ಅದಕ್ಕೂ ಮೊದಲಿನ 302ರ ಅರ್ಥದಲ್ಲಿ ಗೊಂದಲವಿತ್ತು. ಈ ಕ್ರಮಕ್ಕೆ ಹೆಚ್ಚಿನ ಪ್ರಚಾರ ಸಿಕ್ಕಿದ್ದು 2004ರಲ್ಲಿ ಮೈಕೆಲ್ ಜುರಾವ್ಲೆವ್ ಜಾವಾ ಡೆವಲಪರ್‌ಗಳಿಗಾಗಿ ಬರೆದ ಲೇಖನದಿಂದ. ಜಾಂಗೋ ಎಂಬ ವೆಬ್ ಚೌಕಟ್ಟಿನ ಆರಂಭಿಕ ಪಾಠದಲ್ಲೇ, ಪೋಸ್ಟ್ ಯಶಸ್ವಿಯಾದ ಮೇಲೆ ಯಾವಾಗಲೂ ರೀಡೈರೆಕ್ಟ್ ಮಾಡಿ ಎಂಬ ಸೂಚನೆಯಿದೆ. ಇದಕ್ಕೆ ವಿರುದ್ಧ ದಾರಿ ಹಿಡಿದದ್ದು 2002ರ ಎಎಸ್‌ಪಿ ಡಾಟ್‌ನೆಟ್ ವೆಬ್ ಫಾರ್ಮ್ಸ್. ಅದರಲ್ಲಿ ಪುಟದ ಸಣ್ಣಪುಟ್ಟ ಕ್ರಿಯೆಗಳೂ ಪೋಸ್ಟ್ ಆಗಿ ಸರ್ವರ್‌ಗೆ ಮರಳುತ್ತಿದ್ದವು. ಆ ಕಾಲದ ಕಚೇರಿ ತಂತ್ರಾಂಶಗಳಲ್ಲಿ ಬ್ಯಾಕ್ ಒತ್ತಲು ಜನ ಹೆದರುತ್ತಿದ್ದುದಕ್ಕೆ ಇದೊಂದು ದೊಡ್ಡ ಕಾರಣ.

ರೀಡೈರೆಕ್ಟ್ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ. ಉತ್ತರ ಬರುವ ಮೊದಲೇ ಬೇಸತ್ತು ಬಟನ್ನನ್ನು ಎರಡು ಸಲ ಒತ್ತಿದರೆ ಎರಡು ಪೋಸ್ಟ್ ಹೋಗುತ್ತವೆ. ಟಿಕೆಟ್ ಪುಟದಿಂದ ಬ್ಯಾಕ್ ಒತ್ತಿ ಫಾರ್ಮಿಗೆ ಬಂದರೆ ತುಂಬಿದ ವಿವರಗಳು ಹಾಗೆಯೇ ಇರುತ್ತವೆ. "ದೃಢೀಕರಿಸು" ಮತ್ತೆ ಕೈಗೆ ಸಿಗುತ್ತದೆ. ಆದ್ದರಿಂದ ಪ್ರತಿ ಫಾರ್ಮಿಗೂ ಸರ್ವರ್ ಒಂದು ಟೋಕನ್ ಅಂಟಿಸಿ ಕಳಿಸುವ ರೂಢಿ ಬಂತು. ಒಮ್ಮೆ ಬಳಸಿದ ಟೋಕನ್ ಮತ್ತೆ ಬಂದರೆ ಹೊಸ ಸೀಟು ಕೊಡುವ ಬದಲು ಈಗಾಗಲೇ ಕೊಟ್ಟ ಟಿಕೆಟ್ಟನ್ನೇ ತೋರಿಸಬೇಕು. ಟೋಕನ್ ಹಳತಾಗಿದೆ ಎಂದು ಕೆಂಪಕ್ಷರದಲ್ಲಿ ಬೈಯುವ ಪುಟ ತೋರಿಸುವವರು ಅರ್ಧ ಕೆಲಸ ಮಾಡಿದಂತೆ. ಟಿಕೆಟ್ ಆಗಿದೆಯೋ ಇಲ್ಲವೋ ಎಂಬ ಆಕೆಯ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ಕೊನೆಯ ಕಾವಲು ಡೇಟಾಬೇಸಿನದ್ದು: ಒಂದೇ ಟೋಕನ್ನಿಗೆ ಎರಡು ಸಾಲು ಬರೆಯಲು ಬಿಡದ ನಿಯಮ ಅಲ್ಲೇ ಇದ್ದರೆ, ಮೇಲಿನ ಪದರದಲ್ಲಿ ಏನೇ ತಪ್ಪಿದರೂ ಸೀಟು ಎರಡಾಗುವುದಿಲ್ಲ.

ಎರಡು ಸಲ ಒತ್ತುವುದನ್ನು ತಡೆಯಲು ಮೊದಲ ಒತ್ತಿಗೇ ಬಟನ್ನನ್ನು ನಿಷ್ಕ್ರಿಯ ಮಾಡುವ ಪದ್ಧತಿಯೂ ಇದೆ. ಅದಕ್ಕೆ ಬಿಎಫ್‌ಕ್ಯಾಶೆ ಸೇರಿದಾಗ ಹೊಸದೊಂದು ಪೇಚಾಟ ಹುಟ್ಟುತ್ತದೆ. ಮುಂದಿನ ಪುಟದಲ್ಲಿ ವಯಸ್ಸು ತಪ್ಪಾಗಿದೆ ಎಂದು ಕಂಡು ಬ್ಯಾಕ್ ಒತ್ತಿದರೆ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಪುಟ ಎದ್ದು ಬರುತ್ತದೆ: ಬಟನ್ ಬೂದು ಬಣ್ಣದಲ್ಲಿ, ಪಕ್ಕದ ಚಕ್ರ ತಿರುಗುತ್ತಲೇ ಇದೆ. ತಿದ್ದಬಹುದು, ಕಳಿಸಲಾಗದು. ಪುಟ ಮತ್ತೆ ಕಾಣಿಸಿಕೊಂಡಾಗ ಬ್ರೌಸರ್ ಕೊಡುವ "ಪೇಜ್‌ಶೋ" ಎಂಬ ಸೂಚನೆಯನ್ನು ಕೇಳಿಸಿಕೊಂಡು ಬಟನ್ನಿಗೆ ಜೀವ ಕೊಡುವ ಎರಡು ಸಾಲು ಬರೆದರೆ ಇದು ಸರಿಹೋಗುತ್ತದೆ. ಆ ಎರಡು ಸಾಲು ಬರೆಯದ ತಾಣಗಳು ಇಂದಿಗೂ ಬಹಳ.

ಸೆಷನ್‌ನ ತೊಡಕು

ಎಚ್‌ಟಿಟಿಪಿಗೆ ತಾನಾಗಿ ನೆನಪಿಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸದು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಕುಕಿಯನ್ನು ತಂದ ಮೇಲೆ ಬಳಕೆದಾರರನ್ನು ಗುರುತಿಟ್ಟುಕೊಳ್ಳುವುದು ಸುಲಭವಾಯಿತು, ಅದರ ಮೇಲೆ ಸೆಷನ್ ಎಂಬ ಸರ್ವರ್‌ಕಡೆಯ ನೆನಪು ಬೆಳೆಯಿತು. ಹಂತ ಹಂತವಾಗಿ ತುಂಬಿದ ವಿವರವನ್ನೆಲ್ಲ ಸೆಷನ್‌ನಲ್ಲಿ ಹಾಕಿಟ್ಟುಕೊಳ್ಳುವುದು ಬರೆಯುವವರಿಗೆ ಹಗುರ. ಬ್ಯಾಕ್ ಬಟನ್ನಿನ ನಿಜವಾದ ಹಾನಿ ಇಲ್ಲಿಂದ ಹುಟ್ಟುತ್ತದೆ, ಯಾಕೆಂದರೆ ಸೆಷನ್ ಒಂದೇ, ಪುಟಗಳು ಹಲವು.

ಅಮೆರಿಕದ ನಾಲ್ವರು ಕಂಪ್ಯೂಟರ್ ವಿಜ್ಞಾನಿಗಳಾದ ಪಾಲ್ ಗ್ರೌಂಕೆ, ರಾಬಿ ಫಿಂಡ್ಲರ್, ಶ್ರೀರಾಮ್ ಕೃಷ್ಣಮೂರ್ತಿ, ಮಥಾಯಸ್ ಫೆಲೈಸನ್ 2003ರ ಪ್ರಬಂಧವೊಂದರಲ್ಲಿ ಇದನ್ನು ಪ್ರಯಾಣ ತಾಣವೊಂದರ ಉದಾಹರಣೆಯಿಂದ ವಿವರಿಸಿದರು. ವಿಮಾನಗಳ ಪಟ್ಟಿಯಿಂದ ಒಂದನ್ನು ಹೊಸ ಕಿಟಕಿಯಲ್ಲಿ ತೆರೆಯಿರಿ, ಇನ್ನೊಂದನ್ನು ಮತ್ತೊಂದು ಕಿಟಕಿಯಲ್ಲಿ. ಹೋಲಿಸಿ ನೋಡಿ, ಮೊದಲನೆಯದೇ ವಾಸಿ ಎಂದು ಆ ಕಿಟಕಿಗೆ ಮರಳಿ "ಖರೀದಿಸು" ಒತ್ತಿ. ಸಿಗುವುದು ಎರಡನೇ ವಿಮಾನದ ಟಿಕೆಟ್! ಕೊನೆಗೆ ಯಾವುದನ್ನು ತೆರೆದಿರೋ ಅದೇ ಸೆಷನ್‌ನಲ್ಲಿ ಉಳಿದಿರುತ್ತದೆ. ಕಣ್ಣಿಗೆ ಕಾಣುತ್ತಿರುವ ಪುಟಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಬ್ಯಾಕ್ ಒತ್ತಿ ಮೊದಲ ವಿಮಾನದ ಪುಟಕ್ಕೆ ಮರಳಿದರೂ ಇದೇ ಕತೆ. ಎಚ್ಚರಿಕೆಯ ಪುಟವಾದರೂ ಬಂದಿದ್ದರೆ ತಿಳಿಯುತ್ತಿತ್ತು; ಇಲ್ಲಿ ಎಲ್ಲವೂ ಸರಿಯಾಗಿಯೇ ನಡೆದಂತೆ ಕಾಣುತ್ತದೆ, ತಪ್ಪು ಗೊತ್ತಾಗುವುದು ಟಿಕೆಟ್ ಕೈಗೆ ಬಂದ ಮೇಲೆ.

ಇದಕ್ಕೆ ಪ್ರೋಗ್ರಾಮಿಂಗ್ ಭಾಷೆಗಳ ಕಡೆಯಿಂದ ಸೊಗಸಾದ ಉತ್ತರವೊಂದು ಬಂತು. ಪ್ರೋಗ್ರಾಮ್ ಒಂದು ಹಂತದಲ್ಲಿ ನಿಂತಾಗ ಅದರ ಮುಂದಿನ ಬಾಳನ್ನೆಲ್ಲ ಒಂದು ಮೌಲ್ಯವಾಗಿ ಹಿಡಿದಿಡಬಹುದು. ಇದನ್ನು ಕಂಟಿನ್ಯುಯೇಶನ್ ಎನ್ನುತ್ತಾರೆ. ಪ್ರತಿ ಪುಟಕ್ಕೂ ಅಂಥದ್ದೊಂದನ್ನು ಕಟ್ಟಿಕೊಟ್ಟರೆ, ಬ್ಯಾಕ್ ಒತ್ತಿ ಯಾವ ಪುಟಕ್ಕೆ ಮರಳಿದರೂ ಸರ್ವರ್ ಆ ಪುಟದ ಸ್ಥಿತಿಯಿಂದಲೇ ಮುಂದುವರಿಯುತ್ತದೆ. ಫ್ರಾನ್ಸಿನ ಕ್ರಿಶ್ಚಿಯನ್ ಕೆನ್ನೆಕ್ 2000ದಲ್ಲಿ ಇದನ್ನು ಸಿದ್ಧಾಂತದ ಮಟ್ಟದಲ್ಲಿ ವಿವರಿಸಿದರು. ಅದಕ್ಕೂ ಮುಂಚೆ, 1995ರಲ್ಲಿ ಶುರುವಾದ ವಯಾವೆಬ್ ಎಂಬ ಅಂಗಡಿ ಕಟ್ಟುವ ಸೇವೆಯಲ್ಲಿ ಪಾಲ್ ಗ್ರಹಾಂ ಲಿಸ್ಪ್ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ಉಪಾಯ ಬಳಸಿದ್ದರು. ಸ್ಮಾಲ್‌ಟಾಕ್ ಭಾಷೆಯ ಸೀಸೈಡ್ ಚೌಕಟ್ಟು ಇದನ್ನೇ ಬುನಾದಿ ಮಾಡಿಕೊಂಡಿತು. ಜಾವಾ ಲೋಕದ ವಿಕೆಟ್, ಪ್ರತಿ ಪುಟದ ಆವೃತ್ತಿಗಳನ್ನು ಉಳಿಸಿಟ್ಟು ವಿಳಾಸದಲ್ಲಿ ಅದರ ಸಂಖ್ಯೆ ನಮೂದಿಸುತ್ತದೆ. ಸ್ಪ್ರಿಂಗ್ ವೆಬ್ ಫ್ಲೋ ಬಳಸಿದ ತಾಣಗಳ ವಿಳಾಸದ ಕೊನೆಯಲ್ಲಿ "ಇ1ಎಸ್2" ಎಂಬಂಥ ಗುರುತು ಕಾಣುತ್ತಿತ್ತು: ಮೊದಲ ಪ್ರಯತ್ನ, ಎರಡನೇ ಚಿತ್ರಣ. ವಿಚಾರವೇನೋ ಸೊಗಸು, ಆದರೆ ಪ್ರತಿ ಪುಟದ ಸ್ಥಿತಿಯನ್ನೂ ಉಳಿಸಲು ಸರ್ವರ್‌ಗೆ ಜಾಗ ಬೇಕು, ಎಷ್ಟು ಹೊತ್ತು ಉಳಿಸಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಅವಧಿ ಮುಗಿಯಿತೆಂಬ ಪುಟ ಮತ್ತೆ ಬಂದೇ ಬರುತ್ತದೆ.

ದಿನನಿತ್ಯದ ಕೆಲಸಕ್ಕೆ ಒಗ್ಗುವ ಉತ್ತರ ಇದಕ್ಕಿಂತ ಸರಳವಾದದ್ದು. ಯಾವ ವಿಮಾನ, ಯಾವ ಬಸ್ಸು, ಯಾವ ಅರ್ಜಿ ಎಂಬುದು ಪುಟದ ವಿಳಾಸದಲ್ಲೋ ಫಾರ್ಮಿನೊಳಗಿನ ಮರೆಯ ಖಾನೆಯಲ್ಲೋ ಇರಬೇಕು, ಸೆಷನ್‌ನಲ್ಲಿ ಅಲ್ಲ. ಸೆಷನ್‌ಗೆ ಬಂದವರು ಯಾರು ಎಂಬುದಷ್ಟು ಗೊತ್ತಿದ್ದರೆ ಸಾಕು. ಹೀಗೆ ಮಾಡಿದಾಗ ಪುಟ ಎಷ್ಟೇ ಹಳೆಯದಾಗಿದ್ದರೂ ತನ್ನ ಮಾತನ್ನು ತಾನೇ ಹೇಳುತ್ತದೆ; ಸರ್ವರ್ ಅದನ್ನು ಪರೀಕ್ಷಿಸಿ ಒಪ್ಪಬಹುದು, ಇಲ್ಲವೇ ಆ ಸೀಟು ಹೋಗಿದೆ ಎಂದು ಹೇಳಬಹುದು.

ಹಲವು ಹಂತದ ಅರ್ಜಿ

ಸೇವಾ ಸಿಂಧು, ಆಸ್ತಿ ನೋಂದಣಿಯ ಕಾವೇರಿ 2.0ರಂಥ ಸರ್ಕಾರಿ ಪೋರ್ಟಲ್‌ಗಳಿಂದಾಗಿ ಹಲವು ಹಂತದ ಅರ್ಜಿ ಈಗ ಕರ್ನಾಟಕದ ಮನೆಮಾತು. ಅರ್ಜಿದಾರರ ವಿವರ, ವಿಳಾಸ, ದಾಖಲೆಗಳ ಅಪ್‌ಲೋಡ್, ಶುಲ್ಕ ಹೀಗೆ ಪುಟದ ಮೇಲೆ ಪುಟ. ಇಂಥ ಅರ್ಜಿಯನ್ನು ವಿನ್ಯಾಸ ಮಾಡುವಾಗ ಪ್ರತಿ ಹಂತಕ್ಕೂ ತನ್ನದೇ ವಿಳಾಸ ಇರಬೇಕು. "ಮುಂದೆ" ಒತ್ತಿದಾಗಲೆಲ್ಲ ಆ ಹಂತದ ವಿವರ ಕರಡಾಗಿ ಡೇಟಾಬೇಸಿಗೆ ಸೇರಿ, ರೀಡೈರೆಕ್ಟ್ ಆಗಬೇಕು. ಆಗ ಬ್ಯಾಕ್ ಒತ್ತಿದರೆ ಹಿಂದಿನ ಹಂತ ತುಂಬಿದ ವಿವರದೊಂದಿಗೆ ತೆರೆಯುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೂ ಕರಡು ಉಳಿಯುತ್ತದೆ.

ಕಷ್ಟ ಬರುವುದು ಕವಲುಗಳಿರುವ ಕಡೆ. ಎರಡನೇ ಹಂತದಲ್ಲಿ "ಜಂಟಿ ಮಾಲೀಕರು" ಎಂದು ಆರಿಸಿ ಮೂರು, ನಾಲ್ಕನೇ ಹಂತ ತುಂಬಿದವರು ಬ್ಯಾಕ್ ಒತ್ತುತ್ತ ಬಂದು "ಒಬ್ಬರೇ ಮಾಲೀಕರು" ಎಂದು ಬದಲಿಸಿದರೆ ಮುಂದಿನ ಹಂತಗಳ ಉತ್ತರಗಳಿಗೆ ಅರ್ಥವೇ ಉಳಿಯುವುದಿಲ್ಲ. ಅವನ್ನು ತಕ್ಷಣ ಅಳಿಸಿದರೆ, ಕೈತಪ್ಪಿ ಬದಲಿಸಿದವರ ಶ್ರಮ ಹಾಳು. ಅಳಿಸದೆ ಹಾಗೇ ಬಿಟ್ಟರೆ ಒಬ್ಬರೇ ಮಾಲೀಕರಿರುವ ಆಸ್ತಿಗೆ ಎರಡನೆಯವರ ಸಹಿ ಕೇಳುವ ಅರ್ಜಿ ತಯಾರಾಗುತ್ತದೆ. ಉತ್ತರಗಳನ್ನು ಇಟ್ಟುಕೊಂಡಿದ್ದು, ಸಲ್ಲಿಕೆಯ ಹೊತ್ತಿನಲ್ಲಿ ಈಗಿನ ದಾರಿಗೆ ಸೇರಿದವನ್ನು ಮಾತ್ರ ಎಣಿಸುವುದು ಇವೆರಡಕ್ಕಿಂತ ಒಳ್ಳೆಯದು. ಬ್ರಿಟನ್ ಸರ್ಕಾರದ ವಿನ್ಯಾಸ ಕೈಪಿಡಿಯಲ್ಲಿ ಹಲವು ಹಂತದ ಸೇವೆಗಳಿಗೆಂದು ಪುಟದ ಮೇಲ್ತುದಿಯಲ್ಲೇ ಒಂದು "ಹಿಂದಕ್ಕೆ" ಲಿಂಕ್ ಇಡುವ ಸಲಹೆಯಿದೆ. ಕೆಲವು ತಾಣಗಳಲ್ಲಿ ಬ್ರೌಸರ್‌ನ ಬಟನ್ ಒತ್ತಿದರೆ ಕೆಲಸ ಕೆಡುತ್ತದೆಂದು ಜನ ಅದನ್ನು ಮುಟ್ಟಲು ಅಂಜುತ್ತಾರೆ ಎಂಬುದು ಅದಕ್ಕೆ ಅವರು ಕೊಡುವ ಕಾರಣ. ಇಷ್ಟು ದೊಡ್ಡ ಸೌಲಭ್ಯದ ಮೇಲೆ ಜನರ ನಂಬಿಕೆಯನ್ನೇ ಕಳೆದ ತಾಣಗಳ ಬಗ್ಗೆ ಇದಕ್ಕಿಂತ ಗಂಭೀರ ದೂರು ಬೇಕಿಲ್ಲ.

ತಪ್ಪಾಗಿ ತುಂಬಿದ ಫಾರ್ಮನ್ನು ದೋಷಗಳ ಪಟ್ಟಿಯೊಂದಿಗೆ ವಾಪಸ್ ತೋರಿಸುವಾಗ ಏನು ಮಾಡಬೇಕೆಂಬುದರಲ್ಲಿ ಒಮ್ಮತವಿಲ್ಲ. ಕೆಲವರು ಆಗ ರೀಡೈರೆಕ್ಟ್ ಮಾಡದೆ, ಸಲ್ಲಿಕೆ ಒಪ್ಪಲಾಗದು ಎನ್ನುವ 422 ಸಂಕೇತದೊಂದಿಗೆ ಪುಟವನ್ನು ನೇರ ಕೊಡುತ್ತಾರೆ. ರೂಬಿ ಆನ್ ರೈಲ್ಸ್‌ನ ಟರ್ಬೋ ಇದನ್ನೇ ನಿರೀಕ್ಷಿಸುತ್ತದೆ.

ಲಾಗೌಟ್ ಆದ ಮೇಲೆ

ಸೈಬರ್ ಸೆಂಟರ್, ಕಾಲೇಜಿನ ಲ್ಯಾಬ್, ಗ್ರಾಮ ಪಂಚಾಯಿತಿಯ ಕಂಪ್ಯೂಟರ್: ಒಂದೇ ಯಂತ್ರವನ್ನು ಹಲವರು ಬಳಸುವ ಕಡೆ ಬ್ಯಾಕ್ ಬಟನ್ ಖಾಸಗಿತನದ ಪ್ರಶ್ನೆಯೂ ಹೌದು. ಒಬ್ಬರು ಬ್ಯಾಂಕ್ ತಾಣದಿಂದ ಲಾಗೌಟ್ ಆಗಿ ಎದ್ದು ಹೋದ ಮೇಲೆ, ಅದೇ ಕುರ್ಚಿಯಲ್ಲಿ ಕೂತವರು ಬ್ಯಾಕ್ ಒತ್ತಿದರೆ ಹಿಂದಿನವರ ಖಾತೆಯ ವಿವರ ತೆರೆಯಬಹುದು. ಸೆಷನ್ ಮುಗಿದಿದೆ, ಹೊಸದಾಗಿ ಏನೂ ಮಾಡಲಾಗದು. ಓದಲು ಮಾತ್ರ ಯಾವ ತಡೆಯೂ ಇಲ್ಲ.

ಇದನ್ನು ತಡೆಯುವ ಮುಖ್ಯ ಸಾಧನ "ನೋ-ಸ್ಟೋರ್" ಎಂಬ ಕ್ಯಾಶೆ ಸೂಚನೆ. ಹೆಸರಿನಿಂದ ಮೋಸಹೋಗಿ "ನೋ-ಕ್ಯಾಶೆ" ಹಾಕಿ ಸುಮ್ಮನಾಗುವವರು ಹಲವರು. ಅದು ಪ್ರತಿ ಇಟ್ಟುಕೊಳ್ಳಬೇಡ ಎನ್ನುವುದಿಲ್ಲ, ಮತ್ತೆ ಬಳಸುವ ಮುನ್ನ ಸರ್ವರನ್ನು ಕೇಳು ಎನ್ನುತ್ತದೆ, ಹಿಸ್ಟರಿಗೆ ಆ ಕಟ್ಟುಪಾಡೂ ಇಲ್ಲ. ನೋ-ಸ್ಟೋರ್‌ಗೆ ಬೆಲೆಯೂ ಇದೆ: ಅಂಥ ಪುಟಗಳು ಸಾಮಾನ್ಯವಾಗಿ ಬಿಎಫ್‌ಕ್ಯಾಶೆಗೆ ಸೇರುತ್ತಿರಲಿಲ್ಲವಾದ್ದರಿಂದ ಬ್ಯಾಕ್ ನಿಧಾನವಾಗುತ್ತಿತ್ತು. ಕುಕಿ ಬದಲಾದ ಕೂಡಲೇ ಪುಟವನ್ನು ಹೊರಹಾಕುವ ಷರತ್ತಿನ ಮೇಲೆ ಕ್ರೋಮ್ ಇದನ್ನು ಈಚೆಗೆ ಸಡಿಲಿಸುತ್ತಿದೆ. ತಾಣದ ಎಲ್ಲ ಪುಟಕ್ಕೂ ನೋ-ಸ್ಟೋರ್ ಹೇರುವುದು ಸೋಮಾರಿತನ. ಖಾತೆಯ ವಿವರವಿರುವ ಪುಟಗಳಿಗೆ ಅದು ಬೇಕು, ಸಹಾಯದ ಪುಟಕ್ಕೆ ಬೇಡ. ಇದರ ಜೊತೆಗೆ ಪೇಜ್‌ಶೋ ಸೂಚನೆಯಲ್ಲಿ ಪುಟ ಬಿಎಫ್‌ಕ್ಯಾಶೆಯಿಂದ ಎದ್ದಿದೆಯೇ ಎಂದು ನೋಡಿ, ಸೆಷನ್ ಗುರುತು ಅಳಿದಿದ್ದರೆ ಪುಟವನ್ನು ಮತ್ತೆ ತರಿಸುವುದು ರೂಢಿ.

ಹಣ ಕಟ್ಟುವಾಗ

"ದಯವಿಟ್ಟು ಬ್ಯಾಕ್ ಅಥವಾ ರಿಫ್ರೆಶ್ ಒತ್ತಬೇಡಿ" ಎಂಬ ವಾಕ್ಯವನ್ನು ಓದದ ಭಾರತೀಯ ಇಂಟರ್‌ನೆಟ್ ಬಳಕೆದಾರರು ಇರಲಿಕ್ಕಿಲ್ಲ. ಅದರ ಹಿಂದೆ ಇಲ್ಲಿಯದೇ ಒಂದು ಹಿನ್ನೆಲೆಯಿದೆ. ಕಾರ್ಡ್ ಕೈಯಲ್ಲಿಲ್ಲದೆ ನಡೆಯುವ ವ್ಯವಹಾರಗಳಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. ಅಂಗಡಿಯ ತಾಣದಿಂದ ಪೇಮೆಂಟ್ ಗೇಟ್‌ವೇಗೆ, ಅಲ್ಲಿಂದ ಬ್ಯಾಂಕಿನ ಒಟಿಪಿ ಪುಟಕ್ಕೆ, ಮತ್ತೆ ಗೇಟ್‌ವೇಗೆ, ಕೊನೆಗೆ ಅಂಗಡಿಗೆ: ಬ್ರೌಸರ್ ಹೀಗೆ ಮೂರು ಸಂಸ್ಥೆಗಳ ನಡುವೆ ತಾನಾಗಿ ಸಲ್ಲಿಕೆಯಾಗುವ ಫಾರ್ಮ್‌ಗಳ ಮೂಲಕ ಹಾಯುತ್ತದೆ. ನಡುವೆ ಬ್ಯಾಕ್ ಒತ್ತಿದರೆ ಇಂಥದ್ದೊಂದು ತಾನಾಗಿ ಸಲ್ಲಿಕೆಯಾಗುವ ಪುಟಕ್ಕೆ ಬಂದು, ಅದು ಮತ್ತೆ ಮುಂದಕ್ಕೆ ತಳ್ಳುತ್ತದೆ. ಕೆಟ್ಟ ಪ್ರಸಂಗ ಎಂದರೆ ಬ್ಯಾಂಕಿನಲ್ಲಿ ಹಣ ಕಡಿತವಾಗಿ, ಅಂಗಡಿಗೆ ಸುದ್ದಿ ತಲುಪುವ ಮೊದಲೇ ಬ್ರೌಸರ್ ದಾರಿ ಬಿಟ್ಟದ್ದು.

ಇಂಥ ಪ್ರಸಂಗಗಳಿಗೂ ನಿಯಮವಿದೆ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಆನ್‌ಲೈನ್ ಕಾರ್ಡ್ ಪಾವತಿಯಲ್ಲಿ ಹಣ ಕಡಿತವಾಗಿ ವ್ಯಾಪಾರಿಯ ವ್ಯವಸ್ಥೆಗೆ ದೃಢೀಕರಣ ತಲುಪದಿದ್ದರೆ, ವ್ಯವಹಾರದ ದಿನದಿಂದ 5 ದಿನಗಳೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದರೆ ತಾಣ ಕಟ್ಟುವವರು ಅಲ್ಲಿಯವರೆಗೆ ಕಾಯಿಸಬೇಕಾಗಿಲ್ಲ. ಗ್ರಾಹಕರನ್ನು ಗೇಟ್‌ವೇಗೆ ಕಳಿಸುವ ಮೊದಲೇ ಆರ್ಡರ್ ಸಂಖ್ಯೆ ಬರೆದಿಟ್ಟುಕೊಂಡು, ಫಲಿತಾಂಶದ ಸುದ್ದಿಯನ್ನು ಬ್ರೌಸರ್‌ನ ಮೇಲೆ ಭಾರ ಹಾಕದೆ ಗೇಟ್‌ವೇಯ ಸರ್ವರ್‌ನಿಂದ ನೇರವಾಗಿ ಪಡೆಯಬೇಕು. ಗ್ರಾಹಕರು ಬ್ಯಾಕ್ ಒತ್ತಿ ಬುಟ್ಟಿಯ ಪುಟಕ್ಕೆ ಬಂದರೆ, ಮತ್ತೆ "ಹಣ ಪಾವತಿಸಿ" ಬಟನ್ ತೋರಿಸುವ ಮುನ್ನ ಆ ಆರ್ಡರ್‌ನ ಗತಿ ಏನಾಯಿತೆಂದು ಗೇಟ್‌ವೇಯನ್ನು ವಿಚಾರಿಸಬೇಕು. ಯುಪಿಐ ಬಂದ ಮೇಲೆ ಇದರ ಅಗತ್ಯ ಇನ್ನೂ ಹೆಚ್ಚಾಗಿದೆ: ಅಲ್ಲಿ ಒಪ್ಪಿಗೆ ಸಿಗುವುದು ಇನ್ನೊಂದು ಆ್ಯಪ್‌ನಲ್ಲಿ, ಬ್ರೌಸರ್‌ನ ಪುಟ ಬರೀ ಕಾಯುತ್ತ ಕೂತಿರುತ್ತದೆ. ಬ್ಯಾಕ್ ಒತ್ತಿದರೆ ಕಾಯುವುದು ನಿಲ್ಲುತ್ತದೆಯೇ ಹೊರತು ಫೋನಿಗೆ ಹೋದ ಕೋರಿಕೆ ನಿಲ್ಲುವುದಿಲ್ಲ.

ತಡೆಯುವ ಯತ್ನಗಳು

ಬಟನ್ನನ್ನೇ ಕಟ್ಟಿಹಾಕುವ ಯತ್ನಕ್ಕೆ ಜಾವಾಸ್ಕ್ರಿಪ್ಟ್‌ನಷ್ಟೇ ವಯಸ್ಸು. ಪುಟ ತೆರೆದ ಕೂಡಲೇ ಬ್ರೌಸರನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳುವ ಸಾಲು, ಬಟನ್ನುಗಳೇ ಇಲ್ಲದ ಕಿಟಕಿ ತೆರೆಯುವುದು, ಹಿಸ್ಟರಿ ಪಟ್ಟಿಯಲ್ಲಿ ಅದೇ ಪುಟದ ಹತ್ತಾರು ನಮೂದು ತುರುಕುವುದು ಇವೆಲ್ಲ ನಡೆದಿವೆ. ಎರಡನೆಯದಕ್ಕೆ ಕೀಬೋರ್ಡಿನ ಆಲ್ಟ್ ಮತ್ತು ಎಡಬಾಣ ಸಾಕು. ಮೂರನೆಯದಕ್ಕೆ ಉತ್ತರವಾಗಿ, ಬಳಕೆದಾರರು ಪುಟವನ್ನು ಮುಟ್ಟದೆಯೇ ಸೇರಿದ ನಮೂದುಗಳನ್ನು ಹಾರಿಸಿಹೋಗುವ ಏರ್ಪಾಡನ್ನು ಕ್ರೋಮ್ 2019ರಲ್ಲಿ ತಂದಿತು. ತುಂಬಿದ ಫಾರ್ಮನ್ನು ಬಿಟ್ಟುಹೋಗುವಾಗ "ಬದಲಾವಣೆಗಳು ಉಳಿಯದೆ ಹೋಗಬಹುದು" ಎಂದು ಕೇಳುವ ಪೆಟ್ಟಿಗೆ ಮಾತ್ರ ನ್ಯಾಯವಾದದ್ದು. ಅದನ್ನೂ ವಂಚಕರು ದುರ್ಬಳಕೆ ಮಾಡಿದ್ದರಿಂದ, ಅಲ್ಲಿ ತಾಣಗಳು ತಮ್ಮದೇ ಮಾತು ಬರೆಯುವ ಅವಕಾಶವನ್ನು ಬ್ರೌಸರ್‌ಗಳು ತೆಗೆದುಹಾಕಿವೆ. ಬ್ರೌಸರ್‌ಗಳೇ ತಿದ್ದಿಕೊಂಡ ಒಂದು ಸಂಗತಿಯೂ ಇದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನ ಪುಟಕ್ಕೆ ಹೋಗುವ ಹಳೆಯ ಅಭ್ಯಾಸದಿಂದ, ಅಕ್ಷರ ಅಳಿಸಲು ಹೋಗಿ ಇಡೀ ಫಾರ್ಮ್ ಕಳೆದುಕೊಂಡವರಿಗೆ ಲೆಕ್ಕವಿರಲಿಲ್ಲ. ಕ್ರೋಮ್ 2016ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ ಅದನ್ನು ಕೈಬಿಟ್ಟವು.

ಒಂದೇ ಪುಟದೊಳಗೆ ಎಲ್ಲವನ್ನೂ ನಡೆಸುವ ಅಪ್ಲಿಕೇಶನ್‌ಗಳ ಕತೆ ಬೇರೆಯದು. 2005ರ ನಂತರ ಪುಟ ಬದಲಿಸದೆಯೇ ಸರ್ವರ್‌ನಿಂದ ಮಾಹಿತಿ ತರಿಸುವ ಏಜಾಕ್ಸ್ ವಿಧಾನ ಹಬ್ಬಿದಾಗ ಅಲ್ಲಿ ಬ್ಯಾಕ್ ಒತ್ತಿದರೆ ತಾಣದಿಂದಲೇ ಹೊರಬೀಳುವಂತಾಗಿತ್ತು. ವಿಳಾಸದ ಹ್ಯಾಶ್ ಗುರುತು, 2010ರ ನಂತರ ಎಚ್‌ಟಿಎಂಎಲ್5ರ ಹಿಸ್ಟರಿ ಸೌಲಭ್ಯ, 2022ರಲ್ಲಿ ಕ್ರೋಮ್ ತಂದ ನ್ಯಾವಿಗೇಶನ್ ಸೌಲಭ್ಯ ಒಂದಾದ ಮೇಲೊಂದು ಬಂದು ಕೈಯಾರೆ ಹಿಸ್ಟರಿ ಕಟ್ಟಿಕೊಳ್ಳಲು ನೆರವಾದವು. ಬಹುಪುಟ ಅಪ್ಲಿಕೇಶನ್‌ಗೆ ಆ ಪಟ್ಟಿ, ಪುಟವನ್ನು ಎಲ್ಲಿಯವರೆಗೆ ಸರಿಸಿದ್ದೆವೆಂಬ ಗುರುತು, ತುಂಬಿದ ಅಕ್ಷರಗಳು ಎಲ್ಲವೂ ಬ್ರೌಸರ್‌ನಿಂದ ಪುಕ್ಕಟೆಯಾಗಿ ಸಿಗುತ್ತವೆ.

ಪರೀಕ್ಷೆ

ಅಪ್ಲಿಕೇಶನ್ ಪರೀಕ್ಷಿಸುವವರು ಸಾಮಾನ್ಯವಾಗಿ ಮುಂದಕ್ಕೆ ಮಾತ್ರ ನಡೆಯುತ್ತಾರೆ. ಪ್ರತಿ ಹಂತದಲ್ಲೂ ಒಮ್ಮೆ ಬ್ಯಾಕ್ ಒತ್ತಿ ನೋಡುವುದು, ಹಿಂದೆ ಬಂದು ಒಂದು ಉತ್ತರ ತಿದ್ದಿ ಮತ್ತೆ ಸಲ್ಲಿಸುವುದು, ಎರಡು ಟ್ಯಾಬಿನಲ್ಲಿ ಎರಡು ಅರ್ಜಿ ತೆರೆದು ಅದಲು ಬದಲು ಮಾಡಿ ಮುಂದುವರಿಸುವುದು, ಲಾಗೌಟ್ ಆಗಿ ಬ್ಯಾಕ್ ಒತ್ತುವುದು ಇವನ್ನೆಲ್ಲ ಬೇರೆಯಾಗಿ ಬರೆದಿಟ್ಟುಕೊಂಡೇ ಮಾಡಬೇಕಾಗುತ್ತದೆ. ಒಂದು ಬ್ರೌಸರ್‌ನಲ್ಲಿ ನೋಡಿದರೆ ಸಾಲದು, ಯಾಕೆಂದರೆ ಬಿಎಫ್‌ಕ್ಯಾಶೆಗೆ ಯಾವ ಪುಟ ಸೇರುತ್ತದೆ ಎಂಬ ನಿಯಮ ಫೈರ್‌ಫಾಕ್ಸ್, ಸಫಾರಿ, ಕ್ರೋಮ್‌ಗಳಲ್ಲಿ ಒಂದೇ ಅಲ್ಲ. ಕ್ರೋಮ್‌ನ ಡೆವಲಪರ್ ಉಪಕರಣಗಳಲ್ಲಿ ಪುಟವೊಂದು ಬಿಎಫ್‌ಕ್ಯಾಶೆಗೆ ಅರ್ಹವೇ, ಅಲ್ಲದಿದ್ದರೆ ಯಾವ ಕಾರಣಕ್ಕೆ ಎಂದು ಪರೀಕ್ಷಿಸಿ ಹೇಳುವ ವಿಭಾಗವೇ ಇದೆ. ಅಲ್ಲಿ ಆಗಾಗ ಕಾಣುವ ಕಾರಣ, ಪುಟ ಮುಚ್ಚುವಾಗ ಓಡುವಂತೆ ಬರೆದ "ಅನ್‌ಲೋಡ್" ಸಾಲುಗಳು. ಎಷ್ಟೋ ಸಲ ಅವು ತಾಣದವರೇ ಬರೆದವಲ್ಲ. ಜಾಹೀರಾತಿಗೋ ಅಂಕಿಅಂಶಕ್ಕೋ ಎಂದು ಸೇರಿಸಿಕೊಂಡ ಹೊರಗಿನ ಸ್ಕ್ರಿಪ್ಟ್‌ನ ಜೊತೆ ಬಂದು ಕೂತವು.